ನಿಧಾನಕ್ಕೆ ಓಡಿದರೆ ಮೂಡಿಗೆರೆ ಸಿಗುತ್ತದೆ

ನವೆಂಬರ್ ಕೊನೆಯ ಭಾನುವಾರ ನನ್ನ ಮಾಮು ಮೂಡಿಗೆರೆ ರಸ್ತೆಯ ಪಕ್ಕ ಒಂದು ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು. ಫೋನಿನಲ್ಲಿ 23 ಕಿಲೋಮೀಟರ್ ತೋರಿಸುತ್ತಿತ್ತು, ಇನ್ನೂ ಏಳು ಬಾಕಿ. "ಕಾಲು ನನ್ನದಲ್ಲ ಅನ್ನಿಸ್ತಿದೆ" ಎಂದರು. ಹತ್ತು ನಿಮಿಷದ ಮೇಲೆ ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿದರು. ನಾನು ಸೈಕಲ್ ತುಳಿದುಕೊಂಡು ಹಿಂದಿನಿಂದ ಬಂದೆ. ನಾನಿಯ ಮನೆ ಮುಟ್ಟುವಷ್ಟರಲ್ಲಿ ಅವರು ನಾಷ್ಟಾ ಕೂಡ ಮಾಡದೆ ಮಲಗಿದ್ದರು. ಸಂಜೆ ಎದ್ದವರೇ, "ಮುಂಬೈ ಟಿಕೆಟ್ ಕ್ಯಾನ್ಸಲ್ ಮಾಡಿಬಿಡು" ಎಂದರು.

ಮಾಮು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಚೀಲಗಳ ತೂಕ ಬರೆಯುವ ಕೆಲಸದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಬೀಡಿ ಬಿಟ್ಟರು. ಕೈ ಸುಮ್ಮನಿರದೆ ಇದ್ದಾಗ ಎದ್ದು ನಡೆಯಲು ಹೋಗುತ್ತಿದ್ದರು, ನಡಿಗೆ ಓಟವಾಯಿತು, ಓಟ ಜನವರಿಯ ಮುಂಬೈ ಮ್ಯಾರಥಾನ್‌ನ ಅರ್ಜಿಯವರೆಗೆ ಬಂತು. ಓಟ ಬಿಟ್ಟರೆ ಬೀಡಿ ವಾಪಸ್ ಬರುತ್ತದೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂಬೈಯಲ್ಲಿ ಪೂರ್ತಿ ಮ್ಯಾರಥಾನ್ ಓಡಲು 18 ವರ್ಷ ತುಂಬಿರಬೇಕು. ನನಗೆ 17. ಆದ್ದರಿಂದ ನನ್ನ ಪಾಲಿಗೆ ಬಂದದ್ದು ಸೈಕಲ್, ನೀರಿನ ಬಾಟಲಿ ಮತ್ತು ಲೆಕ್ಕ. ಅವರು ಏಕೆ ಕೂತರು ಎಂದು ಹುಡುಕುತ್ತಾ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾರಥಾನ್ ಎಂದರೆ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಓಟ ಶುರುಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಸಿದ್ದರು. ಆ ದೂರವೇ 1921ರಲ್ಲಿ ಅಧಿಕೃತವಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಚಿಕ್ಕಮಗಳೂರಿನಿಂದ ಕಡೂರಿಗೆ ಸುಮಾರು 40 ಕಿ.ಮೀ. ಕಡೂರು ತಲುಪಿದ ಮೇಲೂ ಸ್ವಲ್ಪ ಬಾಕಿ ಉಳಿಯುತ್ತದೆ.

ಇದಕ್ಕೆ ತಯಾರಾಗುವವರು ವಾರದಲ್ಲಿ ಮೂರು ನಾಲ್ಕು ದಿನ ಚಿಕ್ಕ ಓಟ ಓಡುತ್ತಾರೆ, ಕೆಲಸಕ್ಕೆ ರಜೆ ಇರುವ ದಿನ ಒಂದು ಉದ್ದದ ಓಟ. ಇದನ್ನೇ ಲಾಂಗ್ ರನ್ ಎನ್ನುವುದು. ಪ್ರತಿವಾರ ಇದನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ, ಮೂರು ನಾಲ್ಕು ವಾರಕ್ಕೊಮ್ಮೆ ಬೇಕೆಂದೇ ಇಳಿಸುತ್ತಾರೆ. ಸಾಮಾನ್ಯವಾಗಿ 30–32 ಕಿ.ಮೀ.ವರೆಗೆ ಹೋಗಿ ನಿಲ್ಲಿಸುತ್ತಾರೆ, ಅಭ್ಯಾಸದಲ್ಲಿ 42 ಓಡುವುದಿಲ್ಲ. ಅಷ್ಟು ಓಡಿದರೆ ಮೈ ಸುಧಾರಿಸಿಕೊಳ್ಳಲು ವಾರಗಟ್ಟಲೆ ಬೇಕು, ಆಗ ಅಭ್ಯಾಸವೇ ಕೆಡುತ್ತದೆ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ 30 ಕಿ.ಮೀ. ನಾನಿಯ ಮನೆಯೂ ಅಲ್ಲೇ ಇದೆ. ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿ ಸಿಕ್ಕೀತು?

ಈಗ ಮೋರಿಕಟ್ಟೆಯ ವಿಷಯ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದು ಅರ್ಥವಾದದ್ದು ಬ್ಯಾಂಕಿನ ರೂಪದಲ್ಲಿ, ಸೈನ್ಸ್ ವಿಭಾಗದ ಗೆಳೆಯರು ಕ್ಷಮಿಸಬೇಕು. ನಮ್ಮ ಮೈಯಲ್ಲಿ ಎರಡು ಖಾತೆಗಳಿವೆ. ಒಂದು ಗ್ಲೈಕೋಜೆನ್, ಅಂದರೆ ಅನ್ನ ರೊಟ್ಟಿಯಿಂದ ಬಂದ ಸಕ್ಕರೆಯನ್ನು ಮೈ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರುವುದು. ಇದು ಕರೆಂಟ್ ಅಕೌಂಟ್, ಕೇಳಿದ ತಕ್ಷಣ ಕೊಡುತ್ತದೆ, ಆದರೆ ಅದರಲ್ಲಿ ಇರುವುದು ಸುಮಾರು 1600ರಿಂದ 2000 ಕ್ಯಾಲೊರಿ ಮಾತ್ರ. ಇನ್ನೊಂದು ಕೊಬ್ಬು. ಇದು ಫಿಕ್ಸೆಡ್ ಡೆಪಾಸಿಟ್. ಎಷ್ಟು ತೆಳ್ಳಗಿರುವವರಲ್ಲೂ ಹತ್ತಾರು ಸಾವಿರ ಕ್ಯಾಲೊರಿ ಇರುತ್ತದೆ, ಆದರೆ ಈ ಬ್ಯಾಂಕಿನವರು ಕೊಡುವುದು ನಿಧಾನ. ಅದನ್ನು ಉರಿಸಲು ಆಮ್ಲಜನಕವೂ ಹೆಚ್ಚು ಬೇಕು.

ಓಡುವಾಗ ಆಗುವ ಖರ್ಚು ಹೆಚ್ಚುಕಡಿಮೆ ಒಂದು ಕೆ.ಜಿ. ತೂಕಕ್ಕೆ, ಒಂದು ಕಿಲೋಮೀಟರಿಗೆ, ಒಂದು ಕ್ಯಾಲೊರಿ. ಮಾಮುವಿನ ತೂಕ 70 ಕೆ.ಜಿ. ಹಾಗಾದರೆ 30 ಕಿ.ಮೀ.ಗೆ 2100. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವೇಗವಾಗಿ ಓಡಿದರೂ ನಿಧಾನಕ್ಕೆ ಓಡಿದರೂ ಒಟ್ಟು ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಯಾವ ಖಾತೆಯಿಂದ ಹಣ ಹೋಗುತ್ತದೆ ಎನ್ನುವುದು ಬದಲಾಗುತ್ತದೆ. ಏದುಸಿರು ಬಿಡುತ್ತಾ ಓಡಿದರೆ ಬಹುಪಾಲು ಕರೆಂಟ್ ಅಕೌಂಟಿನಿಂದ, ಆರಾಮವಾಗಿ ಓಡಿದರೆ ಡೆಪಾಸಿಟ್ಟಿನಿಂದಲೂ ಸಾಕಷ್ಟು. ಕರೆಂಟ್ ಅಕೌಂಟ್ ಖಾಲಿಯಾದ ಕ್ಷಣ ಕಾಲು ಕಲ್ಲಾಗುತ್ತದೆ, ತಲೆ ಮಂಕಾಗುತ್ತದೆ. ಓಟಗಾರರು ಇದಕ್ಕೆ "ಗೋಡೆ" ಎನ್ನುತ್ತಾರೆ. ಮ್ಯಾರಥಾನ್‌ನಲ್ಲಿ ಹೆಚ್ಚಿನವರಿಗೆ ಅದು 30 ಕಿ.ಮೀ. ಆಸುಪಾಸಿನಲ್ಲಿ ಸಿಗುತ್ತದೆ. ಮಾಮುವಿಗೆ 23ರಲ್ಲೇ ಸಿಕ್ಕಿತು.

ಏಕೆ ಎನ್ನುವುದು ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಅವರ ಗುರಿ ಮುಂಬೈಯಲ್ಲಿ ನಾಲ್ಕೂವರೆ ಗಂಟೆ, ಎಂದರೆ ಒಂದು ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್. ಆ ಭಾನುವಾರ ಅವರು ಅಭ್ಯಾಸದಲ್ಲೇ 5 ನಿಮಿಷ 50 ಸೆಕೆಂಡಿಗೆ ಓಡುತ್ತಿದ್ದರು. ಬೈಕಿನಲ್ಲಿ ಹೋಗುವ ಪರಿಚಯದವರ ಮುಂದೆ ಕುಂಟುತ್ತಾ ಹೋಗಲು ನಾಚಿಕೆಯಂತೆ! ಹಿಂದಿನ ರಾತ್ರಿ ವಲೀಮಾ ಬೇರೆ. ಬಿರಿಯಾನಿ ತಡರಾತ್ರಿ ತಿಂದು, ನಿದ್ದೆ ಕೆಟ್ಟು, ಬೆಳಿಗ್ಗೆ ಹೊಟ್ಟೆ ಭಾರ ಎಂದು ಬರೀ ಚಹಾ ಕುಡಿದು ಹೊರಟಿದ್ದರು. ದಾರಿಯಲ್ಲಿ ನಾನು ಕೊಟ್ಟ ಬಾಳೆಹಣ್ಣನ್ನೂ ಬೇಡ ಎಂದಿದ್ದರು.

ನಿಧಾನ ಓಟ ಸೋಮಾರಿಗಳ ಓಟ ಎಂದು ನಾನೂ ಅಂದುಕೊಂಡಿದ್ದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರ ಬಗ್ಗೆ ಓದಿದ ಮೇಲೆ ಆ ಅಭಿಪ್ರಾಯ ಬಿಟ್ಟೆ. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವರು ತಮ್ಮ ಓಟಗಾರರನ್ನು ಆಕ್ಲೆಂಡ್ ಪಕ್ಕದ ವೈಟಾಕೆರೆ ಬೆಟ್ಟಗಳಲ್ಲಿ ಭಾನುವಾರ 35 ಕಿ.ಮೀ. ಓಡಿಸುತ್ತಿದ್ದರು, ಬರೀ 800 ಮೀಟರ್ ಸ್ಪರ್ಧಿಸುವವರನ್ನೂ ಬಿಡದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಒಂದೇ ದಿನ ಚಿನ್ನ ಗೆದ್ದರು. ದೀರ್ಘ ಓಟದಿಂದ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೂ ಹೆಚ್ಚುತ್ತವೆ, ಗ್ಲೈಕೋಜೆನ್ ಕೂಡಿಡುವ ಜಾಗವೂ ದೊಡ್ಡದಾಗುತ್ತದೆ. ಡೆಪಾಸಿಟ್ ಬ್ಯಾಂಕಿನ ಗುಮಾಸ್ತ ಚುರುಕಾಗುತ್ತಾನೆ ಎಂದಿಟ್ಟುಕೊಳ್ಳಿ. ಬೆಟ್ಟದ ಓಟಕ್ಕೆ ನಾವು ನ್ಯೂಜಿಲೆಂಡಿಗೆ ಹೋಗಬೇಕಾಗಿಯೂ ಇಲ್ಲ. ಮಲ್ನಾಡ್ ಅಲ್ಟ್ರಾ ಓಟ ನಡೆಯುವುದು ನಮ್ಮ ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳಲ್ಲೇ. ಅಲ್ಲಿ 50 ಕಿ.ಮೀ. ಎಂದರೆ ದೊಡ್ಡ ದೂರವೇನಲ್ಲ, ಅದಕ್ಕಿಂತ ಹೆಚ್ಚು ಓಡುವವರೂ ಇದ್ದಾರೆ. ಅವರು ಕಡಿದಾದ ಏರು ಬಂದರೆ ನಾಚಿಕೆಯಿಲ್ಲದೆ ನಡೆಯುತ್ತಾರೆ. ಈ ಮಾತು ಮಾಮುವಿಗೆ ಬಹಳ ಸಮಾಧಾನ ಕೊಟ್ಟಿತು.

ಟಿಕೆಟ್ ನಾನು ಕ್ಯಾನ್ಸಲ್ ಮಾಡಲಿಲ್ಲ, ಮಾಡಿದ್ದೇನೆ ಎಂದು ಸುಳ್ಳೂ ಹೇಳಲಿಲ್ಲ. "ಇನ್ನೊಂದು ಸಲ ನೋಡೋಣ ಮಾಮು, ಈ ಸಲ ವೇಗ ನನ್ನ ಕೈಯಲ್ಲಿ" ಎಂದೆ. ಮುಂದಿನ ಭಾನುವಾರ 16 ಕಿ.ಮೀ., ಅದರ ಮುಂದಿನದು 24. ಮೂರನೆಯ ಭಾನುವಾರ ಮತ್ತೆ ಮೂಡಿಗೆರೆ.

ಶನಿವಾರ ರಾತ್ರಿ ಬೇಗ ಊಟ, ಅನ್ನ ದಾಲ್ ಮಾತ್ರ. ಬೆಳಿಗ್ಗೆ ಎರಡು ಬಾಳೆಹಣ್ಣು, ಜೇನು ಸವರಿದ ಬ್ರೆಡ್. ಫಜರ್ ನಮಾಜ್ ಮುಗಿಸಿ ಆರು ಗಂಟೆಗೆ ಹೊರಟೆವು. ಡಿಸೆಂಬರಿನ ಮಂಜು, ಮುಂದಿನ ಕಂಬ ಕಾಣುತ್ತಿರಲಿಲ್ಲ. ಮಾಮು ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿದ್ದರು, ನನ್ನ ಸೈಕಲ್ಲಿಗೆ ಹಿಂದೆ ಕೆಂಪು ದೀಪ. ಓಡುವವರು ಎದುರು ಬರುವ ವಾಹನ ಕಾಣುವ ಹಾಗೆ ರಸ್ತೆಯ ಬಲಗಡೆ ಓಡಬೇಕು, ಸೈಕಲ್ ಎಡಗಡೆ ಹೋಗಬೇಕು. ಹಾಗಾಗಿ ನಾವಿಬ್ಬರೂ ರಸ್ತೆಯ ಆಚೆ ಈಚೆ ಇದ್ದುಕೊಂಡು ಕೂಗಿ ಮಾತಾಡಿದೆವು.

ಆ ಕೂಗಾಟವೇ ನಮ್ಮ ಅಳತೆಗೋಲು. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆದರೆ ವೇಗ ಸರಿ. ಎರಡು ಪದಕ್ಕೆ ಉಸಿರು ಕಟ್ಟಿದರೆ ಜಾಸ್ತಿಯಾಯಿತು. ಇದಕ್ಕೆ ಯಾವ ದುಬಾರಿ ವಾಚೂ ಬೇಡ. ನಾನು ಅವರ ಕಾಲೇಜು ದಿನಗಳ ಕ್ರಿಕೆಟ್ ಬಗ್ಗೆ ಕೇಳುತ್ತಾ ಹೋದೆ. ಕಥೆ ತುಂಡು ತುಂಡಾದಾಗಲೆಲ್ಲ "ಆಹಿಸ್ತಾ ಮಾಮು" ಎಂದೆ. ಕಿಲೋಮೀಟರಿಗೆ 7 ನಿಮಿಷ 20 ಸೆಕೆಂಡ್ ಎಂದರೆ ಗಂಟೆಗೆ ಎಂಟು ಕಿ.ಮೀ. ಚಿಲ್ಲರೆ. ಆ ವೇಗದಲ್ಲಿ ಸೈಕಲ್ ಓಲಾಡದಂತೆ ತುಳಿಯುವುದು ಎಷ್ಟು ಕಷ್ಟ ಎಂದು ನೀವೇ ಮಾಡಿ ನೋಡಿ. ತೋಟದ ಕೆಲಸಕ್ಕೆ ಜನ ತುಂಬಿಕೊಂಡು ಹೋಗುತ್ತಿದ್ದ ಜೀಪಿನಿಂದ ಒಬ್ಬ ಹೆಂಗಸು "ಅಣ್ಣಾ, ಹತ್ತಿಕೊಳ್ಳಿ, ಜಾಗ ಇದೆ" ಎಂದು ಕರೆದರು. ಮಾಮು ನಕ್ಕು ಕೈ ಬೀಸಿದರು. ಹಿಂದಿನ ಸಲವಾಗಿದ್ದರೆ ಅದಕ್ಕೇ ವೇಗ ಹೆಚ್ಚಿಸುತ್ತಿದ್ದರು.

ಪ್ರತಿ ಅರ್ಧ ಗಂಟೆಗೆ ಎರಡು ಖರ್ಜೂರ, ಕೆಲವು ಗುಟುಕು ನಿಂಬೆ ಉಪ್ಪು ಸಕ್ಕರೆಯ ನೀರು. ಹಸಿವಾಗುವ ಮೊದಲೇ ಕೊಡಬೇಕು, ಖಾತೆ ಖಾಲಿಯಾದ ಮೇಲೆ ಜಮಾ ಮಾಡಿದರೆ ಆಗಿನ ಕೆಲಸಕ್ಕೆ ಬರುವುದಿಲ್ಲ. ನೀರು ಒಳ್ಳೆಯದೆಂದು ಲೀಟರುಗಟ್ಟಲೆ ಕುಡಿಯುವುದೂ ತಪ್ಪು, ರಕ್ತದಲ್ಲಿನ ಸೋಡಿಯಂ ಇಳಿದು ಅಪಾಯವಾಗಬಹುದು. ಬಾಯಾರಿದಷ್ಟು ಸಾಕು.

ಏರುಗಳಲ್ಲಿ ಮಾಮು ಹೆಜ್ಜೆ ಚಿಕ್ಕದು ಮಾಡಿದರು, ಎರಡು ಕಡೆ ನಡೆದರು. ನನಗೆ ಆಶ್ಚರ್ಯವಾದದ್ದು ಇಳಿಜಾರು. ಉಸಿರಿಗೆ ಅದು ಸುಲಭ, ತೊಡೆಗೆ ಅಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಮಾರನೆಯ ದಿನ ಮೆಟ್ಟಿಲು ಇಳಿಯಲಾಗದಂತೆ ಮಾಡುವುದು ಇದೇ. ಅದಕ್ಕೆ ಇಳಿಜಾರಿನಲ್ಲೂ "ಆಹಿಸ್ತಾ".

ಆ ಮೋರಿಕಟ್ಟೆ ಬಂತು. ಇಬ್ಬರೂ ಮಾತು ನಿಲ್ಲಿಸಿದೆವು. ಮಂಜು ಹರಿದು ಬಿಸಿಲು ಬಿದ್ದಿತ್ತು, ಪಕ್ಕದ ಕಣದಲ್ಲಿ ಕಾಫಿ ಹಣ್ಣು ಹರಡಿದ್ದರು. ಮಾಮು ಅದರ ಕಡೆ ನೋಡಲೇ ಇಲ್ಲ. ದಾಟಿ ಸ್ವಲ್ಪ ದೂರ ಹೋದ ಮೇಲೆ, "ಹಾಂ, ಆ ಮ್ಯಾಚಿನಲ್ಲಿ ಕೊನೇ ಓವರ್ ನನಗೇ ಕೊಟ್ಟರು ನೋಡು" ಎಂದು ಕಥೆ ಮುಂದುವರಿಸಿದರು. ಪೂರ್ತಿ ವಾಕ್ಯ.

27ರ ನಂತರ ಅವರಿಗೂ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಕಥೆ ನಿಂತಿತು. ನಾನು ಸೈಕಲ್ ಇಳಿದು ತಳ್ಳಿಕೊಂಡು ಅವರ ಕಡೆಯ ಅಂಚಿಗೆ ಬಂದು, ಹಿಂದೆಯೇ ಓಡಿದೆ. ನಾನಿಯ ಗೇಟು ಮುಟ್ಟಿದಾಗ ಹತ್ತು ಗಂಟೆಗೆ ಏಳು ನಿಮಿಷ ಕಮ್ಮಿ. ಫೋನು 29.6 ತೋರಿಸುತ್ತಿತ್ತು. ನಾನು ಸಾಕು ಎಂದೆ. ಮಾಮು ಒಪ್ಪಲಿಲ್ಲ, ಗೇಟಿನ ಮುಂದಿನ ಗಲ್ಲಿಯಲ್ಲೇ ಆ ಕಡೆ ಈ ಕಡೆ ಓಡತೊಡಗಿದರು.

ನಾನಿ ಹೊರಗೆ ಬಂದು ಮಗ ಮನೆಯ ಮುಂದಿನಿಂದ ಎರಡು ಸಲ ಹಾದುಹೋದದ್ದನ್ನು ನೋಡಿದರು. "ಅರೆ ಬೇಟಾ, ಇವನಿಗೆ ಮನೆ ಮರೆತುಹೋಯಿತಾ?" ಎಂದು ನನ್ನನ್ನು ಕೇಳಿ, ಅಕ್ಕಿ ರೊಟ್ಟಿ ತಟ್ಟಲು ಒಳಗೆ ಹೋದರು.