ಒಂದು ಪದದ ಮುಂದೆ ಒಂದೇ ಅರ್ಥವೇ?

ಇಂಗ್ಲಿಷ್ ಅಭ್ಯಾಸ ಪಾಠಗಳನ್ನು ವೀಕ್ಷಿಸುವಾಗ ನನಗೆ ಪದೇ ಪದೇ ಕಾಣುವ ಒಂದು ಕ್ರಮವಿದೆ. ಪ್ರಶಿಕ್ಷಣಾರ್ಥಿಗಳು ಓದಿಗೆ ಮೊದಲೇ ಕಪ್ಪುಹಲಗೆಯ ಮೂಲೆಯಲ್ಲಿ ‘ಹೊಸ ಪದಗಳು’ ಎಂದು ಬರೆದು, ಪ್ರತಿ ಪದದ ಮುಂದೆ ಒಂದೊಂದು ಅರ್ಥ ಕೊಡುತ್ತಾರೆ. ಸರಳ ಗದ್ಯಕ್ಕೆ ಇದು ಸಾಕು. ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ಪಾಠದಲ್ಲಿ ಇದೇ ಕ್ರಮ ತೊಡಕಾಗುತ್ತದೆ, ಅದೂ ಎರಡು ಬೇರೆ ಬೇರೆ ರೀತಿಯಲ್ಲಿ.

ಎರಡನೆಯ ಅಂಕದ ಎರಡನೆಯ ದೃಶ್ಯದಲ್ಲಿ ಜೂಲಿಯೆಟ್ ‘ವೇರ್‌ಫೋರ್’ ಎಂಬ ಪದ ಬಳಸಿ ರೋಮಿಯೋನ ಕುರಿತು ಪ್ರಶ್ನಿಸುತ್ತಾಳೆ. ‘ವೇರ್’ ಎಂದರೆ ‘ಎಲ್ಲಿ’ ಎಂದು ಬಲ್ಲ ಮಕ್ಕಳು, ಆಕೆ ಅವನನ್ನು ಹುಡುಕುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅವನು ಕೆಳಗೆ ತೋಟದಲ್ಲೇ ಇರುವುದರಿಂದ ಈ ಊಹೆ ನಂಬುವಂತೆಯೂ ಇದೆ. ಆದರೆ ಆ ಪದಕ್ಕೆ ‘ಯಾಕೆ’ ಎಂದರ್ಥ. ತಾನು ಒಲಿದವನು ಹಗೆಯ ಮನೆತನದವನೇ ಏಕಾಗಬೇಕಿತ್ತು ಎಂಬುದು ಆಕೆಯ ಸಂಕಟ. ನಿಘಂಟು ತೆರೆಯುವ ಮೊದಲು ಮುಂದಿನ ಸಾಲುಗಳನ್ನು ಓದಿಸಿ: ಅಲ್ಲಿ ಆಕೆ ತರ್ಕಿಸುವುದು ಹೆಸರಿನ ಬಗ್ಗೆ, ಅವನಿರುವ ಜಾಗದ ಮಾತೇ ಇಲ್ಲ. ‘ದೇರ್‌ಫೋರ್’ ಮಕ್ಕಳಿಗೆ ಗೊತ್ತಿರುತ್ತದೆ. ಅದರ ಜೋಡಿ ಇದು ಎಂದರೆ ಬೇಗ ಹಿಡಿಯುತ್ತಾರೆ.

ಇಲ್ಲಿ ಒಂದು ಅರ್ಥ ಸರಿ, ಇನ್ನೊಂದು ತಪ್ಪು. ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ ಹಾಗಲ್ಲ. ಟಿಬಾಲ್ಟ್‌ನಿಂದ ಇರಿತಕ್ಕೊಳಗಾದ ಮರ್ಕ್ಯೂಶಿಯೋ ನಾಳೆ ತಾನು ಹೇಗಿರುತ್ತೇನೆ ಎಂಬುದನ್ನು ‘ಗ್ರೇವ್’ ಎಂಬ ಪದದಿಂದ ಹೇಳುತ್ತಾನೆ. ಗುಣವಾಚಕವಾದರೆ ಗಂಭೀರ, ನಾಮಪದವಾದರೆ ಗೋರಿ. ಕನ್ನಡ ತರಗತಿಯಲ್ಲಿ ಶ್ಲೇಷೆ ಕಲಿತವರಿಗೆ ಇದು ಹೊಸದಲ್ಲ. ಇಂಗ್ಲಿಷ್ ತರಗತಿಯಲ್ಲಿ ಅದನ್ನು ನೆನಪಿಸುವವರು ಮಾತ್ರ ಕಡಿಮೆ. ಗಾಯ ಅಷ್ಟೇನೂ ದೊಡ್ಡದಲ್ಲ ಎಂದು ರೋಮಿಯೋ ಭಾವಿಸಿದ್ದಾನೆ. ಹಲಗೆಯ ಮೇಲೆ ‘ಗಂಭೀರ’ ಎಂದಷ್ಟೇ ಬರೆದರೆ, ಮಾತಾಡುತ್ತಿರುವವನು ಸಾಯುತ್ತಿದ್ದಾನೆಂಬುದು ಮಕ್ಕಳಿಗೂ ಕೇಳಿಸುವುದಿಲ್ಲ. ‘ಗೋರಿ’ ಎಂದಷ್ಟೇ ಬರೆದರೆ, ಸಾಯುವಾಗಲೂ ನಗೆಚಾಟಿಕೆ ಬಿಡದ ಮರ್ಕ್ಯೂಶಿಯೋ ಕಾಣೆಯಾಗುತ್ತಾನೆ. ಎರಡನ್ನೂ ಹೊರುವ ಒಂದೇ ಕನ್ನಡ ಪದ ನನಗಂತೂ ಸಿಕ್ಕಿಲ್ಲ. ಹಾಗಾಗಿ ಈ ಪದವನ್ನು ಮೊದಲೇ ಅನುವಾದಿಸಬೇಡಿ ಎನ್ನುತ್ತೇನೆ.

ಪಾಠಯೋಜನೆಯಲ್ಲಿ ಪದಪಟ್ಟಿಯನ್ನು ಮೊದಲ ಓದಿನ ನಂತರಕ್ಕೆ ಸರಿಸಿ. ಸಂದೇಹವಿರುವ ಪದಕ್ಕೆ ಎರಡೂ ಅರ್ಥ ಬರೆದು, ಸುತ್ತಲಿನ ಸಾಲುಗಳಲ್ಲಿ ಯಾವುದು ನಿಲ್ಲುತ್ತದೆ, ಎರಡೂ ನಿಲ್ಲುತ್ತವೆಯೇ ಎಂದು ಮಕ್ಕಳನ್ನೇ ಕೇಳಿ. ‘ಪರೀಕ್ಷೆಯಲ್ಲಿ ಯಾವ ಅರ್ಥ ಬರೆಯಬೇಕು ಸರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ವೇರ್‌ಫೋರ್’ಗೆ ಒಂದು, ‘ಗ್ರೇವ್’ಗೆ ಎರಡು, ಎರಡಕ್ಕೂ ಕಾರಣ ಕೊಡಬೇಕು.