ಆನೆಗೊಂದಿಯಲ್ಲಿ ಎರಡು ದಿನ: ನೀವು ಕೊಟ್ಟ ದುಡ್ಡು ಯಾರ ಮನೆಗೆ?

ವೀಕೆಂಡ್‌ಗೆ ಹಂಪಿ ಪ್ಲ್ಯಾನ್ ಮಾಡ್ತಿದ್ದೀರಾ? ಈ ಸಲ ತುಂಗಭದ್ರೆಯ ಆಚೆ ದಡದ ಆನೆಗೊಂದಿಯಲ್ಲಿ ಉಳಿದು ನೋಡಿ.

ಕೊಪ್ಪಳ ಜಿಲ್ಲೆಯ ಈ ಊರಲ್ಲಿ ಕಿಷ್ಕಿಂಧಾ ಟ್ರಸ್ಟ್ 1997ರಿಂದ ಊರವರ ಜೊತೆ ಕೆಲಸ ಮಾಡುತ್ತಿದೆ. ಗೊನೆ ಕಡಿದ ಮೇಲೆ ಬಿಸಾಡುವ ಬಾಳೆಗಿಡವೇ ಇಲ್ಲಿ ಬಂಡವಾಳ. ಅದರ ಪಟ್ಟೆ ಸೀಳಿ, ಒಣಗಿಸಿ, ನಾರು ಹೊಸೆದು ಹೆಂಗಸರು ಬ್ಯಾಗು, ಬುಟ್ಟಿ, ಚಾಪೆ ಹೆಣೆಯುತ್ತಾರೆ. ಕೆಲವು ಹಳೇ ಮನೆಗಳನ್ನು ಕೆಡವದೆ ರಿಪೇರಿ ಮಾಡಿ, ಅತಿಥಿಗಳು ಉಳಿಯಲು ಅಣಿಗೊಳಿಸಿದ್ದಾರೆ.

ಹೊರಗಿನವರ ರೆಸಾರ್ಟ್‌ಗೆ ಕಟ್ಟಿದ ಬಾಡಿಗೆಯಲ್ಲಿ ಹೆಚ್ಚಿನ ಪಾಲು ಊರು ಬಿಟ್ಟೇ ಹೋಗುತ್ತೆ. ಊರೊಳಗೇ ಉಳಿದರೆ ರೊಟ್ಟಿ ತಟ್ಟುವ ಅಕ್ಕನಿಗೆ, ದಾರಿ ತೋರಿಸುವ ಹುಡುಗನಿಗೆ, ಹರಿಗೋಲು ನಡೆಸುವವನಿಗೆ ನಾಲ್ಕು ಕಾಸು ಸಿಗುತ್ತದೆ. ಊರಲ್ಲೇ ದುಡಿಮೆಯಿದ್ದರೆ ಗುಳೆ ಹೋಗೋದೂ ತಪ್ಪುತ್ತೆ.

ನಮಗೇನು ಲಾಭ ಅಂತೀರಾ? ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ. ಜೊತೆಗೆ, ಮ್ಯಾಪ್‌ನಲ್ಲಿ ಸಿಗದ ಊರ ಕಥೆಗಳು.

ಆದರೆ ‘ಹೋಮ್‌ಸ್ಟೇ’ ಬೋರ್ಡ್ ಹಾಕಿದ್ದೆಲ್ಲ ಊರವರದ್ದೇ ಅಲ್ಲ. ಬುಕ್ ಮಾಡೋ ಮುಂಚೆ ಎರಡೇ ಪ್ರಶ್ನೆ ಕೇಳಿ: ಮನೆ ಯಾರದು? ಕೆಲಸ ಮಾಡೋರು ಈ ಊರವರಾ? ಉತ್ತರ ನೋಡಿ ಹಣ ಕಟ್ಟಿ.