ಆಡು ಮುಟ್ಟದ ಸೊಪ್ಪು ಮತ್ತು ಇಬ್ಬರು ದತ್ತೂರಿಗಳು

ಗಿಡಕ್ಕೆ ಹೆಸರಿಡೋದರಲ್ಲಿ ನಮ್ಮ ಹಿರಿಯರನ್ನ ಮೀರಿಸೋರಿಲ್ಲ ಬಿಡಿ. ಮುಟ್ಟಿದ ಕೂಡಲೇ ಎಲೆ ಮಡಚಿಕೊಳ್ಳುವ ಗಿಡ ‘ಮುಟ್ಟಿದರೆ ಮುನಿ’. ಕೆಲವು ಕಡೆ ಅದೇ ‘ನಾಚಿಕೆ ಮುಳ್ಳು’. ಒಂದೂರಿನವರಿಗೆ ಅದು ಸಿಟ್ಟು, ಪಕ್ಕದೂರಿನವರಿಗೆ ನಾಚಿಕೆ! ಬದುವಿನ ಮೇಲೆ ಬೆಳೆಯೋ ಶ್ರೀಮುದ್ರೆ ಗಿಡದ ಕಾಯಿ ನೋಡಿ, ಥೇಟ್ ಮುದ್ರೆ ಒತ್ತುವ ಅಚ್ಚು.

ರಾಜಕೀಯವೂ ಹೊಲಕ್ಕೆ ಇಳಿದಿದೆ. ಪಾರ್ಥೇನಿಯಂಗೆ ‘ಕಾಂಗ್ರೆಸ್ ಗಿಡ’ ಅಂತಾರೆ. ಬಿಳಿ ಹೂವು ಗಾಂಧಿ ಟೋಪಿ ಹಾಗಿದೆ ಅನ್ನೋದು ಒಂದು ಕತೆ. ಆಗಿನ ಸರ್ಕಾರ ಅಮೆರಿಕದಿಂದ ತರಿಸಿದ ಗೋಧಿ ಜೊತೆ ಬಂತು ಅನ್ನೋದು ಇನ್ನೊಂದು. 1950ರ ದಶಕದಲ್ಲಿ ಪುಣೆಯಲ್ಲಿ ಅದು ಕಣ್ಣಿಗೆ ಬಿತ್ತು. ಅತ್ತ ಕೇರಳದವರು ಯುಪಟೋರಿಯಂಗೆ ‘ಕಮ್ಯುನಿಸ್ಟ್ ಪಚ್ಚ’ ಅಂತ ಹೆಸರಿಟ್ಟು ಲೆಕ್ಕ ಸರಿ ಮಾಡಿದ್ದಾರೆ.

ಆದರೆ ನನಗೆ ಬಹಳ ಇಷ್ಟವಾದ ಹೆಸರು ‘ಆಡು ಮುಟ್ಟದ ಸೊಪ್ಪು’, ಅಂದರೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದ್ದರೂ ಇದನ್ನ ಮಾತ್ರ ಆಡೂ ಬಿಟ್ಟುಬಿಡುತ್ತೆ. ಹಾಗಾಗಿ ಬೇಲಿಗೆ ಒಳ್ಳೇದು, ಕೀಟ ಓಡಿಸೋ ಸೊಪ್ಪಿನ ಕಷಾಯಕ್ಕೂ ಹಾಕ್ತಾರೆ. ಗಿಡದ ಗುಣ ಹೆಸರಲ್ಲೇ ಇದೆ.

ತೊಂದರೆ ಬರೋದು ಎರಡು ಗಿಡಕ್ಕೆ ಒಂದೇ ಹೆಸರಿದ್ದಾಗ. ‘ದತ್ತೂರಿ’ ತಗೊಳ್ಳಿ. ಕೆಲವರಿಗೆ ದತ್ತೂರಿ ಅಂದರೆ ಉಮ್ಮತ್ತಿ: ತುತ್ತೂರಿಯಂಥ ದೊಡ್ಡ ಹೂವು, ಗುಂಡಗಿನ ಮುಳ್ಳುಕಾಯಿ, ಎಲೆಯಲ್ಲಿ ಮುಳ್ಳಿಲ್ಲ. ಇನ್ನು ಕೆಲವರಿಗೆ ಅದು ಹಳದಿ ಹೂವಿನ, ಎಲೆ ಅಂಚಿಗೆಲ್ಲ ಮುಳ್ಳಿರೋ ಗಿಡ. ಕಡ್ಡಿ ಮುರಿದರೆ ಅರಿಶಿನದಂಥ ಹಾಲು ಒಸರುತ್ತೆ. ಇದು ಆರ್ಜಿಮೋನ್.

ಎರಡೂ ವಿಷವೇ, ಆದರೆ ವಿಷದ ಬಗೆ ಬೇರೆ. ಉಮ್ಮತ್ತಿ ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಬುದ್ಧಿ ಭ್ರಮಣೆ ಆಗುತ್ತೆ. ಆರ್ಜಿಮೋನ್‌ನ ಕರೀ ಬೀಜ ನೋಡೋಕೆ ಸಾಸಿವೆ ಹಾಗೇ. ಅದರ ಎಣ್ಣೆ ಅಡುಗೆ ಎಣ್ಣೆಯಲ್ಲಿ ಬೆರೆತರೆ ಕಾಲು ಊದಿಕೊಂಡು ಹೃದಯಕ್ಕೇ ಪೆಟ್ಟು. 1998ರಲ್ಲಿ ದೆಹಲಿಯಲ್ಲಿ ಹೀಗೆ ಬೆರೆತ ಸಾಸಿವೆ ಎಣ್ಣೆಯಿಂದ ಸುಮಾರು 60 ಜನ ಸತ್ತರು. ಸಾಸಿವೆ ಹಾಕೋರು ಈ ಗಿಡವನ್ನ ಕಾಯಿ ಒಡೆಯೋ ಮೊದಲೇ, ಕೈಗವಸು ಹಾಕಿಕೊಂಡು ಕಿತ್ತುಬಿಡಿ.

ವಾಟ್ಸಾಪ್‌ನಲ್ಲಿ ಯಾರಾದರೂ ‘ದತ್ತೂರಿ ಸೊಪ್ಪು ಎರಡು ಕೆಜಿ’ ಅಂತ ಕಷಾಯದ ವಿಧಾನ ಕಳಿಸಿದರೆ, ಯಾವ ದತ್ತೂರಿ ಅಂತ ಫೋಟೊ ಕೇಳಿ. ಕಳೆನಾಶಕ ತರೋಕೆ ಹೋಗುವಾಗಲೂ ಅಷ್ಟೇ. ಎಲೆ, ಹೂವು, ಕಾಯಿ ಮೂರನ್ನೂ ಬೇರೆಬೇರೆ ಫೋಟೊ ತೆಗೆದು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ. ಅಜ್ಜಿ ಅದಕ್ಕೆ ಏನಂತಾರೆ ಅನ್ನೋದನ್ನೂ ಫೋಟೊ ಕೆಳಗೆ ಬರೆದಿಟ್ಟುಕೊಳ್ಳಿ.